ಕಾಸರಗೋಡಿನಿಂದ ಒಂದು ದಿನದ ಪ್ರವಾಸ: ಎರಡು ಭಜನಾ ಮಂದಿರದವರು ಕೂಡಿ ನೋಡಿದ ಕೊಚ್ಚಿ ಕಡೆಯ ಮೂರು ಜೂದ ಪಳ್ಳಿಗಳು (ಯಹೂದಿಗಳ ಪ್ರಾರ್ಥನಾ ಮಂದಿರಗಳು)

ಬದಿಯಡ್ಕ ಕಡೆಯ ಹುಡುಗನೊಬ್ಬ ಸಣ್ಣ ಸಣ್ಣ ಪ್ರವಾಸ ನಡೆಸುತ್ತಾನೆ. ಕಾಸರಗೋಡಿನಿಂದ ರಾತ್ರಿ ರೈಲು, ಬೆಳಗ್ಗೆ ಆಲುವದಲ್ಲಿ ಮಿನಿ ಬಸ್ಸು, ದಿನವಿಡೀ ಕನ್ನಡದಲ್ಲೇ ವಿವರಣೆ, ಮತ್ತೆ ರಾತ್ರಿ ರೈಲು. ತಲೆಗೆ 2,600 ರೂಪಾಯಿ. ಅದರಲ್ಲಿ ರೈಲು, ಬಸ್ಸು, ಎರಡು ಹೊತ್ತಿನ ಊಟ, ಒಳಗೆ ಹೋಗುವ ಚೀಟಿ ಎಲ್ಲ ಬಂತು. ಕಳೆದ ಡಿಸೆಂಬರಿನಲ್ಲಿ ನಾವು 23 ಮಂದಿ ಹೋಗಿ ಬಂದೆವು. ಹೋಗಲು ಯೋಚಿಸುತ್ತಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನಾವು ಯಾಕೆ ಹೋದೆವು ಅಂತ ಹೇಳಬೇಕು. ಇಲ್ಲದಿದ್ದರೆ ನನ್ನ ಮೆಚ್ಚುಗೆಯೂ ಅರ್ಥವಾಗದು, ದೂರೂ ಅರ್ಥವಾಗದು.

ನಮ್ಮ ಊರಿನಲ್ಲಿ ಎರಡು ಭಜನಾ ಮಂದಿರಗಳಿವೆ. ಮೇಲಿನ ಮಂದಿರ, ಕೆಳಗಿನ ಮಂದಿರ. ನಡುವೆ ಒಂದು ತೋಡು, ಒಂದು ಅಡಿಕೆ ತೋಟ. ನಡೆದರೆ ಹತ್ತು ನಿಮಿಷ. ನಾನು ಊರಿನ ಕನ್ನಡ ಶಾಲೆಯಲ್ಲಿ 29 ವರ್ಷ ಟೀಚರ್ ಆಗಿದ್ದೆ. ಎರಡೂ ಮಂದಿರದ ಮಕ್ಕಳಿಗೆ ಅಕ್ಷರ ಕಲಿಸಿದ್ದೇನೆ. ಆ ಮಕ್ಕಳು ಈಗ ಬೆಂಗಳೂರಿನಲ್ಲಿದ್ದಾರೆ, ದುಬೈಯಲ್ಲಿದ್ದಾರೆ, ಮಂಗಳೂರಿನ ಫ್ಲಾಟುಗಳಲ್ಲಿದ್ದಾರೆ. ಶುಕ್ರವಾರ ಸಂಜೆ ಮೇಲಿನ ಮಂದಿರದಲ್ಲಿ ಐದು ಜನ, ಕೆಳಗಿನದರಲ್ಲಿ ನಾಲ್ಕು ಜನ. ಹಾರ್ಮೋನಿಯಂ ನುಡಿಸುವವರಿದ್ದ ಕಡೆ ತಬಲಾ ಇಲ್ಲ. ತಬಲಾ ಇದ್ದ ಕಡೆ ದನಿ ಎತ್ತಿ ಹಾಡುವವರಿಲ್ಲ. ಎರಡನ್ನೂ ಒಂದು ಮಾಡೋಣ ಅಂತ ಮಾತು ಶುರುವಾಗಿ ಮೂರು ವರ್ಷವಾಯಿತು. ಯಾರ ಕಟ್ಟಡ, ಯಾರ ಹೆಸರು, ಯಾರ ದೀಪ, ಯಾರ ಹಿರಿಯರ ಫೋಟೋ ಎಲ್ಲಿ ಅನ್ನುವಲ್ಲೇ ನಿಂತುಬಿಟ್ಟಿತು.

ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಪಕ್ಕದ ಮನೆಯಲ್ಲಿ ಒಬ್ಬರು ಯಹೂದಿ ಅಜ್ಜಿ. ಅವರ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಜನ ಸಾಲದೆ ಇನ್ನೊಂದರ ಜೊತೆ ಸೇರಿಹೋಯಿತು. ಅಮೆರಿಕದ ಸಣ್ಣ ಊರುಗಳಲ್ಲಿ ಇದು ಈಗ ಸಾಮಾನ್ಯವಂತೆ. ಮಕ್ಕಳು ದೊಡ್ಡ ನಗರಕ್ಕೆ ಹೋಗುತ್ತಾರೆ, ದೊಡ್ಡ ಕಟ್ಟಡದ ಖರ್ಚು ಮುದುಕರ ತಲೆಗೆ ಬೀಳುತ್ತದೆ, ಮಾಡು ಸೋರುತ್ತದೆ. ಕೊನೆಗೆ ಎರಡು ಕಡೆಯವರು ಒಂದಾಗುತ್ತಾರೆ. ಹಲವು ಕಡೆ ಎರಡು ಹೆಸರನ್ನೂ ಬಿಡದೆ ಜೋಡಿಸಿ ಹೊಸ ಹೆಸರು ಮಾಡಿಕೊಳ್ಳುತ್ತಾರೆ. ಹಳೆಯ ಕಟ್ಟಡದಿಂದ ತೋರಾ ಎಂಬ ತಮ್ಮ ಪವಿತ್ರ ಗ್ರಂಥದ ಸುರುಳಿಗಳನ್ನು ಕೈಯಲ್ಲಿ ಎತ್ತಿಕೊಂಡು, ಮೇಲೆ ಚಪ್ಪರದಂತೆ ಬಟ್ಟೆ ಹಿಡಿದು, ಹಾಡುತ್ತಾ ಬೀದಿಯಲ್ಲಿ ನಡೆದು ಹೊಸ ಕಟ್ಟಡಕ್ಕೆ ತರುತ್ತಾರೆ. ಪಕ್ಕದ ಮನೆಯ ಅಜ್ಜಿಗೆ ಚಿಂತೆ ಅದಾವುದೂ ಅಲ್ಲ. ತೀರಿಹೋದವರ ಹೆಸರು ಕೆತ್ತಿದ ಸಣ್ಣ ಕಂಚಿನ ಫಲಕಗಳು ಅವರ ಗೋಡೆಯಲ್ಲಿದ್ದವು. ಆ ವ್ಯಕ್ತಿ ತೀರಿದ ದಿನ ಬಂದಾಗ ಪಕ್ಕದ ಪುಟ್ಟ ಬಲ್ಬು ಉರಿಸುತ್ತಾರೆ. "ನನ್ನ ಗಂಡನ ಬಲ್ಬು ಹೊಸ ಗೋಡೆಯಲ್ಲಿ ಯಾರು ಉರಿಸುತ್ತಾರೆ?" ಅಂತ ಅಜ್ಜಿ ಕೇಳಿದರಂತೆ.

ಮಗಳು ಫೋನಿನಲ್ಲಿ ಇದನ್ನು ಹೇಳಿದ ದಿನವೇ ನಾನು ಎರಡೂ ಸಮಿತಿಯವರಿಗೆ ಹೇಳಿದೆ. ನಮ್ಮದೇ ರಾಜ್ಯದಲ್ಲಿ ಇದೇ ಕಷ್ಟ ಕಂಡ ಜನರ ಜಾಗಗಳಿವೆ, ಒಟ್ಟಿಗೆ ಹೋಗಿ ನೋಡಿ ಬರೋಣ ಅಂತ. ಆ ಹುಡುಗನ ಪಟ್ಟಿಯಲ್ಲಿ ಕೊಚ್ಚಿಯ ಯಹೂದಿ ಜಾಗಗಳ ಪ್ರವಾಸ ಮೊದಲೇ ಇತ್ತು.

ಇನ್ನು ಪ್ರವಾಸದ ವಿಷಯ.

ದಿನ ಆರಿಸುವುದರಲ್ಲಿ ಹುಡುಗ ಜಾಣ. ಗುರುವಾರವೇ ಬೇಕು ಅಂತ ಹಟ ಹಿಡಿದ. ಮಟ್ಟಾಂಚೇರಿಯ ಪರದೇಶಿ ಸಿನಗಾಗ್ ಶನಿವಾರ ಮುಚ್ಚಿರುತ್ತದೆ, ಅದು ಅವರ ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ. ಶುಕ್ರವಾರ ಮಧ್ಯಾಹ್ನದ ಮೇಲೂ ಬಿಡುವುದಿಲ್ಲ. ಪರವೂರು, ಚೇಂದಮಂಗಲಂನ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಭಾನುವಾರ ಜನಜಂಗುಳಿ. ನಾವೇ ಹೋಗಿದ್ದರೆ ಖಂಡಿತ ಶನಿವಾರ ಹೋಗಿ ಬಾಗಿಲು ನೋಡಿ ಬರುತ್ತಿದ್ದೆವು.

ಬಸ್ಸು ಚೆನ್ನಾಗಿತ್ತು, ಚಾಲಕರು ನಿಧಾನಸ್ಥರು. ಆದರೆ ಹತ್ತಿದ ಕೂಡಲೇ ಒಂದು ತಪ್ಪಾಯಿತು. ಹುಡುಗ ಸೀಟುಗಳಿಗೆ ಹೆಸರಿನ ಚೀಟಿ ಅಂಟಿಸಿದ್ದ. ಮುಂದಿನ ಅರ್ಧ ಮೇಲಿನ ಮಂದಿರದವರು, ಹಿಂದಿನ ಅರ್ಧ ಕೆಳಗಿನವರು. ಅವನಿಗೆ ಕೊಟ್ಟ ಎರಡು ಪಟ್ಟಿಯನ್ನು ಹಾಗೆಯೇ ಇಳಿಸಿದ್ದ, ಬೇರೆ ಉದ್ದೇಶ ಇರಲಿಲ್ಲ. ಆದರೂ ಹಿಂದೆ ಕೂತವರ ಮುಖ ಸಣ್ಣದಾಯಿತು. ನಾನು ಎದ್ದು ಹಿಂದಿನ ಸೀಟಿಗೆ ಹೋಗಿ ಕೂತೆ. ಇನ್ನಿಬ್ಬರು ಬಂದರು. ಹುಡುಗನಿಗೆ ಅರ್ಥವಾಗಿ ಚೀಟಿಗಳನ್ನೆಲ್ಲ ಕಿತ್ತ. ಗುಂಪು ಕರೆದುಕೊಂಡು ಹೋಗುವವರು ಇದನ್ನು ಗಮನಿಸಬೇಕು.

ಮೊದಲು ಚೇಂದಮಂಗಲಂ. ನಮ್ಮಲ್ಲಿ ಪಳ್ಳಿ ಅಂದರೆ ಮಸೀದಿ. ಅಲ್ಲಿ ಇಗರ್ಜಿಯೂ ಪಳ್ಳಿ, ಯಹೂದಿಗಳದ್ದೂ ಪಳ್ಳಿ, ಜೂದ ಪಳ್ಳಿ. ದೇವಸ್ಥಾನ, ಮಸೀದಿ, ಇಗರ್ಜಿ, ಸಿನಗಾಗ್ ನಾಲ್ಕೂ ಒಂದಕ್ಕೊಂದು ಹತ್ತಿರದಲ್ಲೇ ಇವೆ. ಸಿನಗಾಗನ್ನು ಸರಿಪಡಿಸಿ 2006ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಹೊರಗಡೆ ಒಂದು ಸಮಾಧಿಗಲ್ಲು ನಿಲ್ಲಿಸಿದ್ದಾರೆ. ಸಾರಾ ಎಂಬ ಹೆಣ್ಣುಮಗಳದ್ದು, ಇಸ್ರಾಯೇಲನ ಮಗಳು ಅಂತ ಹೀಬ್ರೂ ಅಕ್ಷರದಲ್ಲಿದೆ, 1269ನೇ ಇಸವಿಯದು. ಏಳು ನೂರು ವರ್ಷಕ್ಕಿಂತ ಜಾಸ್ತಿ ಆಯಿತು, ಆ ಹೆಸರು ಇನ್ನೂ ಇದೆ. ನಮ್ಮ ಜೊತೆ ಬಂದಿದ್ದ ಕೆಳಗಿನ ಮಂದಿರದ ಹಿರಿಯರೊಬ್ಬರು ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತರು. ಅವರ ತಂದೆಯೇ ಕೆಳಗಿನ ಮಂದಿರಕ್ಕೆ ಜಾಗ ಬಿಟ್ಟುಕೊಟ್ಟವರು. ಹೆಸರಿನ ಕಲ್ಲು ಮೆಟ್ಟಿಲ ಪಕ್ಕದಲ್ಲಿದೆ. ಮಂದಿರ ಒಂದಾಗುವ ಮಾತು ಬಂದಾಗಲೆಲ್ಲ ಅವರು ಎದ್ದು ಹೋಗುತ್ತಿದ್ದದ್ದು ಯಾಕೆ ಅಂತ ನನಗೆ ಅಲ್ಲಿ ಹೊಳೆಯಿತು. ಎಷ್ಟು ವರ್ಷ ನಾವು ಅದನ್ನು ಬರೇ ಹಟ ಅಂದುಕೊಂಡಿದ್ದೆವು.

ಒಳಗೆ ನೋಡುವಂಥದ್ದು ಬಹಳ ಇದೆ. ಕೇರಳದ ಸಿನಗಾಗ್‌ಗಳಲ್ಲಿ ಮಾತ್ರ ಕಾಣುವ ಒಂದು ಕ್ರಮ ಇದೆ. ಗ್ರಂಥ ಓದುವ ಪೀಠ ಬೇರೆ ಕಡೆಗಳಲ್ಲಿ ಒಂದೇ. ಇಲ್ಲಿ ಎರಡು. ಒಂದು ನೆಲದ ನಡುವೆ, ಇನ್ನೊಂದು ಅಟ್ಟದ ಮೇಲೆ. ಹಬ್ಬ ಮತ್ತು ಸಬ್ಬತ್ ದಿನಗಳಲ್ಲಿ ಮೇಲಿನ ಪೀಠದಿಂದ ಓದುತ್ತಿದ್ದರು. ಅದರ ಬೆನ್ನಿಗೇ ಹೆಂಗಸರು ಕೂರುವ ಕೋಣೆ, ಮಧ್ಯೆ ಮರದ ಜಾಲರಿ. ಅಂದರೆ ದೊಡ್ಡ ದಿನಗಳಲ್ಲಿ ಓದುವ ದನಿ ಹೆಂಗಸರಿಗೆ ಕೈಯಳತೆಯಲ್ಲಿ ಕೇಳುತ್ತಿತ್ತು.

ಈ ಯಹೂದಿ ಹೆಂಗಸರು ಮಲಯಾಳದಲ್ಲೇ ಹಾಡು ಕಟ್ಟಿದ್ದರು. ಮದುವೆಗೆ, ಹಬ್ಬಕ್ಕೆ, ಬೈಬಲ್ಲಿನ ಕತೆಗಳಿಗೆ. ನೋಟುಪುಸ್ತಕಗಳಲ್ಲಿ ಕೈಯಾರೆ ಬರೆದುಕೊಂಡು ತಾಯಿಯಿಂದ ಮಗಳಿಗೆ ಕೊಟ್ಟರು. ಗಂಡಸರು ಕೇಳುವಂತೆಯೂ ಹಾಡುತ್ತಿದ್ದರು. ಹುಡುಗ ಇದನ್ನು ವಿವರಿಸುವಾಗ ನನಗೆ ಅಮ್ಮನ ಭಜನೆ ಪುಸ್ತಕ ನೆನಪಾಯಿತು. ಎಣ್ಣೆಯ ಕಲೆ ಬಿದ್ದ ನೂರು ಪುಟದ ಪುಸ್ತಕ ಅದು. ಕನ್ನಡ ಲಿಪಿಯಲ್ಲಿ ತುಳು ಹಾಡು, ಕೊಂಕಣಿ ಹಾಡು, ಮರಾಠಿ ಅಭಂಗ ಎಲ್ಲ ಇದೆ. ಮೇಲಿನ ಮಂದಿರದ ಹಾಡುಗಳ ಪಟ್ಟಿಯೂ ಕೆಳಗಿನದರ ಪಟ್ಟಿಯೂ ಅದರಲ್ಲಿ ಬೇರೆ ಬೇರೆ ಇಲ್ಲ, ಒಟ್ಟಿಗೇ ಇವೆ. ಅಮ್ಮ ಎರಡೂ ಕಡೆ ಹೋಗುತ್ತಿದ್ದಳು.

ಚೇಂದಮಂಗಲಂಗೆ ಒಂದೂಕಾಲು ಗಂಟೆ ಸಿಕ್ಕಿತು. ಸಾಕಷ್ಟಾಯಿತು. ಪರವೂರಿಗೆ ಸಾಲಲಿಲ್ಲ. ಪರವೂರಿನದು ಇನ್ನೂ ದೊಡ್ಡದು. ಬೀದಿಗೆ ಪಡಿಪ್ಪುರ, ಅಂದರೆ ಹೆಬ್ಬಾಗಿಲ ಕಟ್ಟಡ, ಅದನ್ನು ದಾಟಿ ಉದ್ದ ಮೊಗಸಾಲೆ, ಆಮೇಲೆ ಪ್ರಾರ್ಥನೆಯ ಮನೆ. ಹಳೆಯ ಕಾಲದ ತರವಾಡು ಮನೆಗೆ ಹೋದ ಹಾಗೆ ಒಂದೊಂದೇ ಬಾಗಿಲು ದಾಟಿ ಹೋಗಬೇಕು. ನಲವತ್ತು ನಿಮಿಷದಲ್ಲಿ ಹೊರಡಿಸಿದರು. ಆಮೇಲೆ ಊಟದ ಹೋಟೆಲಿನಲ್ಲಿ ಐವತ್ತು ನಿಮಿಷ ಕಾದೆವು. ಮೊದಲೇ ಹೇಳಿಟ್ಟಿದ್ದರೂ ಅನ್ನ ಆಗಿರಲಿಲ್ಲ. ಸಾಂಬಾರು, ಉಪ್ಪೇರಿ ರುಚಿಯಾಗಿಯೇ ಇತ್ತು, ಆದರೆ ಆ ಐವತ್ತು ನಿಮಿಷ ಪರವೂರಿಗೆ ಸೇರಬೇಕಿತ್ತು. ಸಕ್ಕರೆ ಕಾಯಿಲೆಯವರಿದ್ದ ಗುಂಪು ನಮ್ಮದು. ಬೆಳಗ್ಗೆ ರೈಲಿನಲ್ಲಿ ನಾನೇ ಹಂಚಿದ ಅವಲಕ್ಕಿ, ಬಾಳೆಹಣ್ಣು ಆಗಿಬಂತು. ಹುಡುಗ ಕ್ಷಮೆ ಕೇಳಿದ. ಮುಂದಿನ ಸಲ ಹೋಟೆಲು ಬದಲಿಸುತ್ತೇನೆ ಅಂದ.

ಊಟಕ್ಕೆ ಕಾಯುವಾಗ ಅವನು ಹೇಳಿದ ಲೆಕ್ಕ ನಮಗೆಲ್ಲ ನಾಟಿತು. ಕೇರಳದಲ್ಲಿ ಕೊನೆಗಾಲದಲ್ಲಿ ಎಂಟು ಸಿನಗಾಗ್‌ಗಳಿದ್ದವು. ಮಟ್ಟಾಂಚೇರಿಯಲ್ಲಿ ಮೂರು, ಎರ್ನಾಕುಲಂನಲ್ಲಿ ಎರಡು, ಪರವೂರು, ಚೇಂದಮಂಗಲಂ, ಮಾಳದಲ್ಲಿ ಒಂದೊಂದು. ಒಟ್ಟು ಜನ ಎರಡು ಸಾವಿರದ ಆಚೀಚೆ. 1948ರಲ್ಲಿ ಇಸ್ರೇಲ್ ಆದ ಮೇಲೆ, ಮುಖ್ಯವಾಗಿ ಐವತ್ತರ ದಶಕದಲ್ಲಿ, ಊರು ಊರೇ ಹೊರಟುಹೋಯಿತು. ಯಾರೂ ಓಡಿಸಿ ಹೋದದ್ದಲ್ಲ. ಮಾಳದವರು ಹೊರಡುವ ಮೊದಲು, 1955ರಲ್ಲಿ, ತಮ್ಮ ಪಳ್ಳಿಯನ್ನು ಊರಿನ ಪಂಚಾಯತಿಗೆ ಒಪ್ಪಿಸಿ ಹೋದರು. ಮಟ್ಟಾಂಚೇರಿಯ ಕಡವುಂಭಾಗಂ ಪಳ್ಳಿಯ ಒಳಗಿನ ಮರದ ಕೆಲಸವನ್ನು ಬಿಚ್ಚಿ ಕೊಂಡೊಯ್ದು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿ ಮತ್ತೆ ಜೋಡಿಸಿದ್ದಾರೆ. ಇಲ್ಲಿ ಉಳಿದ ಖಾಲಿ ಗೋಡೆ 2019ರ ಮಳೆಗೆ ಒಂದಷ್ಟು ಕುಸಿಯಿತು.

ಅವರಲ್ಲಿ ಸಾಮೂಹಿಕ ಪ್ರಾರ್ಥನೆ ಪೂರ್ತಿ ನಡೆಯಬೇಕಾದರೆ ಹತ್ತು ಮಂದಿ ಪ್ರಾಯಕ್ಕೆ ಬಂದ ಗಂಡಸರು ಬೇಕು. ಅದಕ್ಕೆ ಮಿನ್ಯಾನ್ ಅನ್ನುತ್ತಾರೆ. ಒಂಬತ್ತು ಇದ್ದರೆ ಆಗದು. ಸತ್ತವರ ಹೆಸರಿನಲ್ಲಿ ಹೇಳುವ ಪ್ರಾರ್ಥನೆಯೂ ಹತ್ತು ಜನ ಇಲ್ಲದೆ ಇಲ್ಲ. ನಮ್ಮಲ್ಲಿ ನಾಲ್ಕು ಜನ ಇದ್ದರೂ ಮಂಗಳಾರತಿ ಎತ್ತುತ್ತೇವೆ. ಅದರಿಂದಲೇ ನಮಗೆ ಎಷ್ಟು ಜನ ಕಡಿಮೆಯಾಗಿದ್ದಾರೆ ಅಂತ ಗೊತ್ತಾಗಲಿಲ್ಲವೋ ಏನೋ. ಅವರಿಗೆ ಪ್ರತಿ ಸಲವೂ ತಲೆ ಎಣಿಸಬೇಕಿತ್ತು.

ಮೂರನೆಯದು ಮಟ್ಟಾಂಚೇರಿಯ ಪರದೇಶಿ ಸಿನಗಾಗ್. 1568ರದು. ಕೊಚ್ಚಿ ರಾಜರ ಅರಮನೆಗೆ ತಾಗಿಕೊಂಡೇ ಇದೆ, ಅರಮನೆಯ ಭಗವತಿ ದೇವಸ್ಥಾನ ಗೋಡೆಯಾಚೆ. ಗಡಿಯಾರದ ಗೋಪುರದಲ್ಲಿ ಒಂದು ಮುಖಕ್ಕೆ ಹೀಬ್ರೂ ಅಂಕೆ, ಒಂದಕ್ಕೆ ರೋಮನ್, ಒಂದಕ್ಕೆ ಮಲಯಾಳ ಅಂಕೆ. ಚಪ್ಪಲಿ ಹೊರಗೆ ಬಿಡಬೇಕು. ನೆಲಕ್ಕೆ ಚೀನಾದಿಂದ ತರಿಸಿದ ನೀಲಿ ಬಿಳಿ ಹಂಚುಗಳು, ಒಂದೊಂದನ್ನೂ ಕೈಯಿಂದ ಬರೆದದ್ದು. ಬರಿಗಾಲಿಗೆ ತಣ್ಣಗೆ ಇತ್ತು. 1968ರಲ್ಲಿ ನಾಲ್ಕುನೂರು ವರ್ಷದ ಹಬ್ಬಕ್ಕೆ ಇಂದಿರಾ ಗಾಂಧಿ ಬಂದಿದ್ದರು, ಅಂಚೆ ಚೀಟಿಯೂ ಬಂತು. ದೀಪಗಳನ್ನು ನೋಡುತ್ತಾ ನಮ್ಮವರು ಬಾಯಿಬಿಟ್ಟು ನಿಂತರು. ಈ ಚೆಲುವಿನ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಮೊಗಸಾಲೆಯ ಬಗ್ಗೆ ಹೇಳಬೇಕು.

ಈ ಪಳ್ಳಿಯಲ್ಲಿ ಎಲ್ಲ ಯಹೂದಿಗಳಿಗೂ ಸಮನಾದ ಜಾಗ ಇರಲಿಲ್ಲ. ಹೊರದೇಶಗಳಿಂದ ಬಂದ ಪರದೇಶಿಗಳು ಒಂದು ಕಡೆ, ಅವರಿಗಿಂತ ಎಷ್ಟೋ ಮೊದಲಿನಿಂದ ಇಲ್ಲಿದ್ದ ಮಲಬಾರಿ ಯಹೂದಿಗಳು ಇನ್ನೊಂದು ಕಡೆ. ಪರದೇಶಿಗಳ ಮನೆಗಳಲ್ಲಿ ಗುಲಾಮರಾಗಿದ್ದು ಬಿಡುಗಡೆಯಾದವರ ವಂಶದವರೂ ಇದೇ ಪಳ್ಳಿಗೆ ಬರುತ್ತಿದ್ದರು. ಅವರಿಗೆ ಒಳಗಿನ ಬೆಂಚು ಇಲ್ಲ. ಹೊರಗಿನ ಮೊಗಸಾಲೆಯಲ್ಲಿ, ನೆಲದ ಮೇಲೆ ಕೂರಬೇಕು. ತೋರಾ ಓದಲು ಕರೆಯುವುದಿಲ್ಲ. ಸತ್ತರೆ ಮಣ್ಣು ಮಾಡುವ ಜಾಗವೂ ಬೇರೆ. ಅದೇ ಕುಲದಲ್ಲಿ ಹುಟ್ಟಿದವರು ಎ. ಬಿ. ಸೇಲಂ, 1882ರಿಂದ 1967ರ ತನಕ ಬದುಕಿದ್ದವರು. ಓದಿ ವಕೀಲರಾದರು, ಕೊಚ್ಚಿ ಸಂಸ್ಥಾನದ ಶಾಸನ ಸಭೆಗೆ ಹೋದರು. ತಮ್ಮ ಪಳ್ಳಿಯಲ್ಲೇ ಕೂರುವ ಜಾಗಕ್ಕಾಗಿ ಸತ್ಯಾಗ್ರಹ ಮಾಡಿದರು. ಯಹೂದಿ ಗಾಂಧಿ ಅಂತ ಜನ ಕರೆದರು. ಒಂದೇ ಸಲಕ್ಕೆ ಗೆಲುವು ಸಿಗಲಿಲ್ಲ. ವರ್ಷ ವರ್ಷ ಹಿಡಿಯಿತು, ಒಂದೊಂದೇ ಕಟ್ಟು ಸಡಿಲವಾಯಿತು. ಅವರ ಮಗ ಪರದೇಶಿ ಮನೆತನದ ಹುಡುಗಿಯನ್ನು ಮದುವೆಯಾದಾಗಲೂ ದೊಡ್ಡ ಗಲಾಟೆ ಆಯಿತು. ಆ ಬೀದಿಗೆ ಈಗ ಅವರದೇ ಹೆಸರು.

ಇಷ್ಟು ಹೇಳಿ ಹುಡುಗ ಸುಮ್ಮನಾದ. ಆಮೇಲೆ ನಿಧಾನಕ್ಕೆ ಹೇಳಿದ. ಜನ ಕಡಿಮೆಯಾದ ಮೇಲೆ ಇದೇ ಪಳ್ಳಿಯಲ್ಲಿ ಹತ್ತು ಜನ ತುಂಬಿಸಲು ಎರ್ನಾಕುಲಂನ ಮಲಬಾರಿ ಯಹೂದಿಗಳು ಬರಬೇಕಾಯಿತು, ಪ್ರವಾಸಕ್ಕೆ ಬಂದ ಹೊರದೇಶದ ಯಹೂದಿಗಳನ್ನೂ ಕರೆದು ಕೂರಿಸಬೇಕಾಯಿತು ಅಂತ. ಮೊದಲು ಬೆಂಚು ಕೊಡದವರು ಆಮೇಲೆ ಬೆಂಚು ತುಂಬಲಿ ಅಂತ ಕಾದರು. ಹೊಲಿಗೆಯ ಅಂಗಡಿ ಇಟ್ಟಿದ್ದ ಸಾರಾ ಕೊಹೆನ್ 2019ರಲ್ಲಿ ತೀರಿಕೊಂಡರು. ಪರದೇಶಿ ಸಮುದಾಯದ ಕೊನೆಯ ಹೆಂಗಸು ಕ್ವೀನಿ ಹಲ್ಲೆಗುವಾ 2024ರ ಆಗಸ್ಟಿನಲ್ಲಿ ಹೋದರು.

ಮೇಲಿನ ಮಂದಿರದ ಅಧ್ಯಕ್ಷರು ಮೊಗಸಾಲೆಯಲ್ಲೇ ಇದ್ದರು. ಮಾತಾಡಲಿಲ್ಲ. ನಮ್ಮ ಮೇಲಿನ ಮಂದಿರದಲ್ಲೂ ನಾನು ಸಣ್ಣವಳಿದ್ದಾಗ ಅಂಗಳದಿಂದಲೇ ಕೈಮುಗಿಯುತ್ತಿದ್ದ ಮನೆಗಳಿದ್ದವು. ಕೆಳಗಿನ ಮಂದಿರ ಹುಟ್ಟಿದ್ದೇ ಅದರಿಂದ. ತೋಡಿನಿಂದ ಅಲ್ಲ. ನಲವತ್ತು ವರ್ಷದಿಂದ ಆ ಕ್ರಮ ಇಲ್ಲ, ಯಾರು ಬೇಕಾದರೂ ಒಳಗೆ ಬರಬಹುದು. ಆದರೆ ಬನ್ನಿ ಅಂತ ಯಾರೂ ಹೋಗಿ ಕರೆದದ್ದಿಲ್ಲ. ಒಂದಾಗುವ ಮಾತಿನಲ್ಲಿ ದೀಪ, ಫೋಟೋ, ಹಾರ್ಮೋನಿಯಂ ಎಲ್ಲ ಬಂತು. ಇದೊಂದು ಬರಲಿಲ್ಲ. ನಾನೂ ಎತ್ತಲಿಲ್ಲ. ಅದು ನನ್ನ ತಪ್ಪು.

ಹುಡುಗನ ವಿವರಣೆಯಲ್ಲಿ ನನಗೆ ಹಿಡಿಸಿದ್ದು ಇದೇ. ಅವನು ಹೆಂಚು, ದೀಪ, ಗಡಿಯಾರ ತೋರಿಸಿ ಮುಗಿಸಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಇತ್ತು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದ. ಮಂಗಳೂರಿಗೂ ಯಹೂದಿಗಳಿಗೂ ಸಂಬಂಧ ಇದೆಯಾ ಅಂತ ಒಬ್ಬರು ಕೇಳಿದರು. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಸಂಸಾರ ಹೂಡಿದ್ದು, ಕಂಚಿನ ಪಾತ್ರೆಗಳ ಕಾರ್ಖಾನೆ ಇಟ್ಟದ್ದು, ಅವನ ಕಾಗದಗಳು ಈಜಿಪ್ಟಿನ ಒಂದು ಸಿನಗಾಗ್‌ನ ಉಗ್ರಾಣದಲ್ಲಿ ಸಿಕ್ಕಿದ್ದು ಎಲ್ಲ ಹೇಳಿದ. ದೇವರ ಹೆಸರು ಬರೆದಿರಬಹುದಾದ ಹಳೆ ಕಾಗದವನ್ನು ಅವರು ಬಿಸಾಡುವುದಿಲ್ಲ, ಕೂಡಿಡುತ್ತಾರೆ. ಹಾಗಾಗಿ ಉಳಿಯಿತು.

ಆದರೆ ಅವನು ಕೊಟ್ಟ ಕನ್ನಡ ಕರಪತ್ರ ತಿದ್ದಬೇಕು. ಅದರಲ್ಲಿ ಎಂಟು ಪಳ್ಳಿಯವರೂ ಒಂದೇ ಸಮುದಾಯದಂತೆ ಕೂಡಿ ಬಾಳಿದರು ಅಂತ ಮುದ್ರಿಸಿದ್ದಾನೆ. ಅವನ ಬಾಯಿಮಾತಿಗೂ ಕರಪತ್ರಕ್ಕೂ ಹೊಂದುವುದಿಲ್ಲ. ಬಾಯಿಮಾತೇ ಸರಿ. ನಾನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ವಾಪಸು ಕೊಟ್ಟಿದ್ದೇನೆ. ತಡವಾದದ್ದರಿಂದ ಎರ್ನಾಕುಲಂ ಮಾರ್ಕೆಟ್ ರಸ್ತೆಯ ಇನ್ನೊಂದು ಕಡವುಂಭಾಗಂ ಪಳ್ಳಿಗೆ ಹೋಗಲಾಗಲಿಲ್ಲ. ಅಲ್ಲಿ ಮುಂಭಾಗದಲ್ಲಿ ಅಲಂಕಾರದ ಮೀನು, ಗಿಡಗಳ ಅಂಗಡಿ, ಅದನ್ನು ದಾಟಿ ಹಿಂದೆ ಪ್ರಾರ್ಥನೆಯ ಮನೆ. ಜನ ಹೋದ ಮೇಲೂ ಉಳಿದೊಬ್ಬರು ಅಂಗಡಿ ನಡೆಸುತ್ತಾ ಪಳ್ಳಿಯನ್ನು ಕಾಪಾಡಿದ ಜಾಗ. ಕಾರ್ಯಕ್ರಮದ ಪಟ್ಟಿಯಲ್ಲಿದ್ದದ್ದು ತಪ್ಪಿಹೋದದ್ದಕ್ಕೆ ನನಗೆ ಬೇಸರ ಇದೆ.

ವಯಸ್ಸಾದವರಿಗೆ ಒಂದು ಮಾತು. ಚೇಂದಮಂಗಲಂನ ಅಟ್ಟಕ್ಕೆ ಹತ್ತುವಾಗ ಮೊಣಕಾಲು ನೋವಿನವರು ಕೈಹಿಡಿಯಲು ಒಬ್ಬರನ್ನು ಜೊತೆಗಿಟ್ಟುಕೊಳ್ಳಿ. ಪರದೇಶಿ ಸಿನಗಾಗ್‌ಗೆ ಭುಜ ಮುಚ್ಚುವ ಬಟ್ಟೆ ಹಾಕಿ. ನೀರಿನ ಬಾಟಲಿ ನೀವೇ ತನ್ನಿ, ಬಸ್ಸಿನಲ್ಲಿ ಕೊಟ್ಟದ್ದು ಸಾಲಲಿಲ್ಲ.

ವಾಪಸು ರೈಲಿನಲ್ಲಿ ಹುಡುಗ ಇನ್ನೊಂದು ವಿಷಯ ಹೇಳಿದ. ಸಿನಗಾಗ್ ಮಾರಿದರೆ ಬಂದ ದುಡ್ಡನ್ನು ಏನು ಮಾಡಬೇಕು ಅನ್ನುವುದಕ್ಕೆ ಯಹೂದಿಗಳ ಹಳೆಯ ಶಾಸ್ತ್ರದಲ್ಲಿ ಕ್ರಮ ಇದೆಯಂತೆ. ಊರಿನ ಚೌಕ ಮಾರಿದರೆ ಸಿನಗಾಗ್ ಕೊಳ್ಳಬಹುದು. ಸಿನಗಾಗ್ ಮಾರಿದರೆ ಗ್ರಂಥ ಇಡುವ ಪೆಟ್ಟಿಗೆ, ಪೆಟ್ಟಿಗೆ ಮಾರಿದರೆ ಗ್ರಂಥಕ್ಕೆ ಸುತ್ತುವ ಬಟ್ಟೆ, ಬಟ್ಟೆ ಮಾರಿದರೆ ಪುಸ್ತಕ, ಪುಸ್ತಕ ಮಾರಿದರೆ ತೋರಾ. ಮೇಲೆ ಹೋಗಬಹುದು, ಕೆಳಗೆ ಇಳಿಯುವಂತಿಲ್ಲ. ತೋರಾ ಮಾರಿ ಕಟ್ಟಡ ಕಟ್ಟುವಂತಿಲ್ಲ. ಮೇಲಿನ ಬರ್ತಿನಲ್ಲಿ ಮಲಗಿದ್ದ ಅಧ್ಯಕ್ಷರು ಎದ್ದು ಕೂತು, ಇನ್ನೊಮ್ಮೆ ಹೇಳು ಮಗಾ, ಅಂದರು. ಹುಡುಗ ಇನ್ನೊಮ್ಮೆ ಹೇಳಿದ. ಕಣ್ಣೂರು ದಾಟುವ ತನಕ ಎರಡೂ ಕಡೆಯವರು ನಮ್ಮಲ್ಲಿ ಯಾವುದು ಯಾವುದಕ್ಕಿಂತ ಮೇಲೆ ಅಂತ ಮಾತಾಡಿದರು. ಭಜನೆಯೇ ಎಲ್ಲದಕ್ಕಿಂತ ಮೇಲೆ ಅನ್ನುವಲ್ಲಿ ಯಾರಿಗೂ ಜಗಳ ಇರಲಿಲ್ಲ.

ಮುಂದಿನ ಶುಕ್ರವಾರ ಅಧ್ಯಕ್ಷರು ತೋಡು ದಾಟಿ ಕೆಳಗಿನ ಮಂದಿರಕ್ಕೆ ಹೋದರು. ಮನೆ ಮನೆಗೂ ಹೋಗಿ ಕರೆದರು. ಈಗ ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ ಭಜನೆ. ಕಟ್ಟಡದ ವಿಷಯ ಇನ್ನೂ ತೀರ್ಮಾನವಾಗಿಲ್ಲ, ಹೆಸರೂ ಆಗಿಲ್ಲ. ಜಾಗ ಕೊಟ್ಟವರ ಹೆಸರಿನ ಕಲ್ಲನ್ನು, ಎಲ್ಲೇ ಒಂದಾದರೂ, ಎತ್ತಿ ತಂದು ಮೆಟ್ಟಿಲ ಪಕ್ಕದಲ್ಲೇ ನಿಲ್ಲಿಸುವುದು ಅಂತ ಮಾತ್ರ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿದ್ದಾರೆ. ಕಳೆದ ವಾರ ಎಣಿಸಿದೆ, ಹದಿನಾರು ಜನ ಇದ್ದೆವು.

ಪ್ರವಾಸಕ್ಕೆ ನಾನು ಐದರಲ್ಲಿ ನಾಲ್ಕು ಕೊಡುತ್ತೇನೆ. ಊಟದ ವ್ಯವಸ್ಥೆ, ಪರವೂರಿನ ಅವಸರ ಮತ್ತು ಆ ಕರಪತ್ರಕ್ಕೆ ಒಂದು ಕಡಿಮೆ. ಎರ್ನಾಕುಲಂಗೆ ಪೂರ್ತಿ ಒಂದು ಗಂಟೆ ಇಟ್ಟು ಇನ್ನೊಂದು ಗುರುವಾರ ಹೊರಡಿಸು ಅಂತ ಹುಡುಗನಿಗೆ ಹೇಳಿದ್ದೇನೆ. ನನ್ನ ಮತ್ತು ಇಬ್ಬರು ಅಕ್ಕಂದಿರ ಹೆಸರು ಈಗಲೇ ಬರೆಸಿದ್ದೇನೆ.